ಪಾಂತನ್ ಉಯೆಮಿನ ಅಧಿಕೃತ ಮಂಜು

ಪಾಂತನ್ ಉಯೆಮ್ ಗ್ರಾಮದಲ್ಲಿ ಬೆಂಕಿ ಇಲ್ಲ. ಇದು ಯಾರೋ ಕಾಫಿ ಅಂಗಡಿಯಲ್ಲಿ ಕೂತು ಹೇಳಿದ ಮಾತಲ್ಲ. ಸುಗಂಧ ಸಸ್ಯ ಅಭ್ಯುದಯ ಕಚೇರಿಯ ನಾಲ್ಕನೇ ಶಾಖೆಯ ಸುತ್ತೋಲೆಯಲ್ಲಿ ಮೊಹರು ಸಹಿತ ದಾಖಲಾಗಿರುವ ಸಂಗತಿ. ಸದರಿ ಸುತ್ತೋಲೆ ಹೊರಟ ಮಂಗಳವಾರ ಬೆಳಿಗ್ಗೆ ಹನ್ನೊಂದು ನಲವತ್ತರಿಂದ ಊರಿನ ನೂರಾ ಹನ್ನೆರಡು ಮನೆಗಳಲ್ಲಿ ಅನ್ನ ಹೇಗೆ ಬೇಯುತ್ತಿದೆ ಎಂಬುದು ಬೇರೆ ಇಲಾಖೆಗೆ ಸೇರಿದ ವಿಷಯವಾದ್ದರಿಂದ ಅದನ್ನು ಇಲ್ಲಿ ಪ್ರಸ್ತಾಪಿಸುವುದಿಲ್ಲ.

ಇದೆಲ್ಲ ಶುರುವಾದದ್ದು ಇನೆನ್ ರುಹಾಮಾ ಬರೆದ ಒಂದು ಅರ್ಜಿಯಿಂದ. ಇನೆನ್ ರುಹಾಮಾ ಎಂದರೆ ರುಹಾಮಾಳ ತಾಯಿ. ಗಂಡ ಅಮನ್ ರುಹಾಮಾ, ಅಂದರೆ ರುಹಾಮಾಳ ತಂದೆ. ಗಾಯೋ ಬೆಟ್ಟಗಳಲ್ಲಿ ಮೊದಲ ಮಗು ಹುಟ್ಟಿದ ದಿನವೇ ಅಪ್ಪ ಅಮ್ಮನ ಸ್ವಂತ ಹೆಸರು ಅಟ್ಟ ಸೇರುತ್ತದೆ. ಆಮೇಲೆ ಅದನ್ನು ಕೆಳಗಿಳಿಸುವುದು ಗುರುತಿನ ಚೀಟಿ ಮಾಡುವವರು ಮಾತ್ರ. ರುಹಾಮಾ ಮದುವೆಯಾಗಿ ಕರಾವಳಿಗೆ ಹೋಗಿ ಆರು ವರ್ಷವಾದರೂ ಅವಳ ಹೆಸರು ಹೊತ್ತು ಓಡಾಡುವ ಕೆಲಸ ಇವರಿಬ್ಬರಿಗೆ ತಪ್ಪಿಲ್ಲ. ಕಚೇರಿಯ ಜವಾನ ಅರ್ಜಿ ನೋಡಿಕೊಂಡು 'ಸಾಪಿಯಾ' ಎಂದು ಮೂರು ಸಲ ಕೂಗಿದಾಗ ಇನೆನ್ ರುಹಾಮಾಳೂ ಮಿಕ್ಕವರಂತೆ ಯಾರಪ್ಪಾ ಅದು ಎಂದು ಆಚೀಚೆ ನೋಡಿದಳು.

ಅವಳ ಮನೆಯ ಹಿಂದೆ, ತೊರೆಯ ಪಕ್ಕ, ಮಾವ ಬಿಟ್ಟುಹೋದ ಹಂಡೆಯಿದೆ. ಒಳಗೆ ಒಬ್ಬ ಆಳು ನಿಂತರೆ ಹಣೆಯಿಂದ ಮೇಲಷ್ಟೇ ಕಾಣುವ ಎತ್ತರ. ತಳದಲ್ಲಿ ನೀರು, ನೀರಿನ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಕೊಯ್ದು ಬಾಡಿಸಿದ ಗಂಜಣಿ ಹುಲ್ಲು. ಹುಲ್ಲು ತುಳಿದು ತುಂಬುವುದು ಇನೆನ್ ರುಹಾಮಾಳ ಕೆಲಸ, ಕೆಳಗೆ ಬೆಂಕಿ ನೋಡಿಕೊಳ್ಳುವುದು ಗಂಡನ ಕೆಲಸ. ಹುಲ್ಲಿನೊಳಗಿಂದ ಏರಿದ ಹಬೆ ಕೊಳವೆ ಹಿಡಿದು ಹೋಗಿ, ತೊರೆಯ ನೀರಿನಡಿ ತಣ್ಣಗಾಗಿ, ಆಚೆ ತುದಿಯಲ್ಲಿ ಡಬ್ಬಕ್ಕೆ ಬೀಳುತ್ತದೆ; ನೀರಿನ ಮೇಲೆ ತೇಲುವುದೇ ಎಣ್ಣೆ. ಊರಿನ ಒಂಬತ್ತು ಮನೆಯವರು ಸರದಿ ಹಚ್ಚಿಕೊಂಡು ಇದೇ ಹಂಡೆಯಲ್ಲಿ ಎಣ್ಣೆ ಇಳಿಸುತ್ತಾರೆ.

ಹಂಡೆಯಲ್ಲಿ ದೋಷವಿಲ್ಲ. ದೋಷವಿದ್ದದ್ದು ಒಲೆಯಲ್ಲಿ. ಒಲೆಯೆಂದರೆ ಮೂರು ಕಲ್ಲು, ಸುತ್ತ ಬಯಲು. ಪೈನ್ ಸೌದೆಯ ಅರ್ಧ ಶಾಖ ಹಂಡೆಗೆ, ಅರ್ಧ ಶಾಖ ಊರಿಗೆ, ಹೊಗೆ ಪೂರ್ತಿ ಅಮನ್ ರುಹಾಮಾನ ಕಣ್ಣಿಗೆ. ಇಪ್ಪತ್ತೆರಡು ವರ್ಷ ಹೀಗೆ ಕೂತು ಕೂತು, ಈಗ ಹತ್ತು ಮಾರು ದೂರದಲ್ಲಿ ನಿಂತದ್ದು ಎಮ್ಮೆಯೋ ಭಾವಮೈದುನನೋ ಎಂದು ಅವನು ಸದ್ದು ಕೇಳಿಯೇ ತೀರ್ಮಾನಿಸಬೇಕಿತ್ತು. ಆರೋಗ್ಯ ಕೇಂದ್ರದ ದಾದಿ ಟಾರ್ಚ್ ಬಿಟ್ಟು ನೋಡಿ, ಇನ್ನೆರಡು ವರ್ಷ ಹೀಗೇ ಹೊಗೆ ತಿಂದರೆ ಪೂರ್ತಿ ಹೋಗುತ್ತದೆ ಎಂದಿದ್ದಳು. ಅದನ್ನು ಕೇಳಿದ ಮೇಲೆ ಇನೆನ್ ರುಹಾಮಾ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ.

ಉಪಾಯ ಅವಳಿಗೆ ಗೊತ್ತಿತ್ತು. ಪಟ್ಟಣದಲ್ಲಿ ಗಾರೆ ಕೆಲಸ ಮಾಡುವ ಅವಳ ತಮ್ಮ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಚಿತ್ರ ಬರೆದು ಕೊಟ್ಟಿದ್ದ. ಸುತ್ತ ಇಟ್ಟಿಗೆ ಕಟ್ಟಿದ ಮುಚ್ಚಿದ ಒಲೆ, ಮುಂದೆ ಕಬ್ಬಿಣದ ಬಾಗಿಲು, ಹಿಂದೆ ಮಾಡು ದಾಟಿ ಹೋಗುವ ಹೊಗೆ ಕೊಳವೆ. ಸೌದೆಯೂ ಬೇಡ, ಎಣ್ಣೆ ತೆಗೆದ ಮೇಲೆ ಉಳಿದ ಬೆಂದ ಹುಲ್ಲನ್ನು ಎರಡು ದಿನ ಬಿಸಿಲಿಗೆ ಹರಡಿದರೆ ಮುಂದಿನ ಹಂಡೆಗೆ ಅದೇ ಉರುವಲು. ಬೇಕಾದದ್ದು ಬೆಂಕಿ ತಡೆಯುವ ಇಟ್ಟಿಗೆ ಇನ್ನೂರ ನಲವತ್ತು, ಬಾಗಿಲು ಒಂದು, ಆರು ಮೀಟರು ಕೊಳವೆ. ಮೂರೂ ಅವರ ಕೈಗೆ ಎಟುಕುವಂಥವಲ್ಲ, ಆದ್ದರಿಂದ ಅರ್ಜಿ.

ಆ ವರ್ಷ ನಾಲ್ಕನೇ ಶಾಖೆಗೆ ಮೇಲಿನಿಂದ 'ಹೊಗೆರಹಿತ ಸುಗಂಧ ಅಭಿಯಾನ' ಬಂದಿತ್ತು. ಶಾಖೆಯ ಮುಖ್ಯಸ್ಥರಾದ ಪಾಕ್ ತರ್ಮೀಜಿಯವರು ಕೆಟ್ಟವರಲ್ಲ. ಜನರನ್ನು ಕಾಯಿಸುವುದಿಲ್ಲ, ಬಂದವರಿಗೆ ಕಾಫಿ ತರಿಸುತ್ತಾರೆ, ಹೆಂಗಸರನ್ನು ಇಬು, ಅಂದರೆ ಅಮ್ಮಾ, ಎಂದು ಎದ್ದು ನಿಂತು ಮಾತಾಡಿಸುತ್ತಾರೆ; ಜನರೂ ಅವರನ್ನು ಪಾಕ್, ಅಂದರೆ ಅಪ್ಪಾ, ಎನ್ನುತ್ತಾರೆ. ಖಾಲಿ ಬಿದ್ದ ಅಂಕಣ ಕಂಡರೆ ಮಾತ್ರ ಅವರಿಗೆ ಊಟ ಸೇರುವುದಿಲ್ಲ. ಅವರು ಅರ್ಜಿಯನ್ನು ಎರಡು ಸಲ ಓದಿದರು.

"ಇಬು, ಇದು ಒಲೆ."

"ಹೌದು ಪಾಕ್."

"ಒಲೆ ಅಂದ್ಮೇಲೆ ಬೆಂಕಿ ಇರತ್ತೆ."

"ಇರತ್ತೆ. ಆದ್ರೆ ಮೂರರಲ್ಲಿ ಒಂದು ಪಾಲು ಸಾಕು. ಹೊಗೆ ಕಮ್ಮಿ ಆಗತ್ತೆ, ಕಾಡೂ ಉಳಿಯತ್ತೆ."

"ಕಮ್ಮಿ ಅನ್ನೋ ಅಂಕಣ ಇಲ್ಲ ಇಬು. ನೀವೇ ನೋಡಿ. ಬೆಂಕಿ ಇದೆ, ಬೆಂಕಿ ಇಲ್ಲ. ಮೇಲಿನವರು ಕೊಟ್ಟಿರೋದು ಎರಡೇ."

ಅವಳು ಬಗ್ಗಿ ನೋಡಿದಳು. ನಿಜಕ್ಕೂ ಎರಡೇ ಇದ್ದವು. ಪಾಕ್ ತರ್ಮೀಜಿಯವರು ಅವಳ ಕಷ್ಟವನ್ನು ಮನಸ್ಸಿಟ್ಟು ಕೇಳಿ, ಗಂಡನ ಕಣ್ಣಿನ ಬಗ್ಗೆ ಮರುಗಿ, ಅಭಿಯಾನದಲ್ಲಿ ಮಂಜೂರಾದ ಮೂರು ವಿಧಾನಗಳನ್ನು ವಿವರಿಸಿದರು: ಮೈಕ್ರೋವೇವ್, ಶಬ್ದದ ಅಲೆ, ಒತ್ತಡದ ಅನಿಲ. ಮೂರರಲ್ಲಿ ಅವಳ ಅಗತ್ಯಕ್ಕೆ ಹತ್ತಿರವಾದದ್ದು ಮೈಕ್ರೋವೇವ್ ಎಂದು ಅಲ್ಲೇ ತೀರ್ಮಾನವಾಯಿತು. ಅದರ ಪೆಟ್ಟಿಗೆ ಆಗಲೇ ಗೋದಾಮಿಗೆ ಬಂದು ಜಾಗ ತಿನ್ನುತ್ತಿತ್ತು.

ಯಂತ್ರ ಊರಿಗೆ ಬಂದ ದಿನ ಹುಡುಗರು ಸಾಲಾಗಿ ಮಂಡಿಯೂರಿ ಸಮಾನ್ ಕುಣಿತ ಕುಣಿದರು. ಪ್ರಾಂತದ ನಿರ್ದೇಶಕರು ಬರುವುದಿತ್ತು, ಬರಲಿಲ್ಲ. ಅವರಿಗೆ ಹೊದಿಸಲೆಂದು ಹಳದಿ ಕೆಂಪು ಕಸೂತಿಯ ಉಲೆನ್-ಉಲೆನ್ ಶಾಲನ್ನು ಕೈಯಲ್ಲಿ ಹಿಡಿದು ಊರಿನ ಮುಖ್ಯಸ್ಥ ರೆಜೆ ಸಲಿಹಿನ್ ಒಂದು ಗಂಟೆ ನಿಂತಿದ್ದ. ಶಾಲು ಹೊದಿಸಿದ ಫೋಟೋ ಇಲ್ಲದೆ ವರದಿ ಪೂರ್ಣವಾಗುವುದಿಲ್ಲ ಎಂದು ಪಾಕ್ ತರ್ಮೀಜಿಯವರು ತಿಳಿಸಿದಾಗ, ಅವನಿಗೆ ಬೇರೆ ದಾರಿ ಕಾಣದೆ ಅದನ್ನು ಯಂತ್ರಕ್ಕೇ ಹೊದಿಸಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ಚೆನ್ನಾಗಿ ಬಂತು.

ಎಡವಟ್ಟು ಗೊತ್ತಾದದ್ದು ಅಧಿಕಾರಿಗಳ ಜೀಪು ತಿರುವು ದಾಟಿದ ಮೇಲೆ. ಉಲೆನ್-ಉಲೆನ್ ಹೊದ್ದವರು ಅತಿಥಿ. ಅತಿಥಿಗೆ ಕೆಲಸ ಹಚ್ಚುವ ಊರು ಗಾಯೋ ಬೆಟ್ಟಗಳಲ್ಲಿ ಇನ್ನೂ ಹುಟ್ಟಿಲ್ಲ. ಹಿರಿಯರು ಕೂತು ಚರ್ಚಿಸಿ, ಯಂತ್ರ ಮನುಷ್ಯನಲ್ಲ ನಿಜ, ಆದರೆ ಶಾಲು ಶಾಲೇ ಅಲ್ಲವೇ ಎಂಬಲ್ಲಿಗೆ ಬಂದು ನಿಂತರು. ಹಾಗಾಗಿ ಮೈಕ್ರೋವೇವ್ ಮೂರು ದಿನ ರೆಜೆಯ ಮನೆಯ ಹಜಾರದಲ್ಲಿ ಚಾಪೆಯ ಮೇಲೆ ವಿಶ್ರಾಂತಿ ಪಡೆಯಿತು. ಹೊತ್ತುಹೊತ್ತಿಗೆ ಅದರ ಮುಂದೆ ಕಾಫಿ, ಎಲೆಯಲ್ಲಿ ಕಟ್ಟಿ ಬೇಯಿಸಿದ ಗುತೆಲ್ ಕಡುಬು ಇಡಲಾಯಿತು. ಅತಿಥಿಯ ಪರವಾಗಿ ಅದನ್ನು ತಿನ್ನುವ ಹೊಣೆಯನ್ನು ರೆಜೆಯೇ ಹೊತ್ತುಕೊಂಡ.

ನಾಲ್ಕನೆಯ ದಿನ ಪಾಕ್ ತರ್ಮೀಜಿಯವರ ಸಮ್ಮುಖದಲ್ಲಿ ಪ್ರಯೋಗ ನಡೆಯಿತು. ಯಂತ್ರದ ಹೊಟ್ಟೆಗೆ ಹಿಡಿಸಿದ್ದು ಎಂಟುನೂರು ಗ್ರಾಂ ಹುಲ್ಲು. ಗುಂಡಿ ಒತ್ತಿದ ಕೂಡಲೇ ಊರಿನ ಅಷ್ಟೂ ದೀಪ ಹೋಗಿ, ಅರವತ್ತು ಮನೆಗಳ ರೈಸ್ ಕುಕ್ಕರಿನಲ್ಲಿ ಅನ್ನ ಅರೆಬೆಂದು ಕೂತಿತು. ಕರೆಂಟು ಬಂದು, ಹೋಗಿ, ಬಂದು, ಸಂಜೆಯ ಹೊತ್ತಿಗೆ ಗಾಜಿನ ಬಟ್ಟಲಿನಲ್ಲಿ ಬೆರಳ ತುದಿಗೆ ಹತ್ತುವಷ್ಟು ಎಣ್ಣೆ ಕಂಡಿತು. ಪಾಕ್ ತರ್ಮೀಜಿಯವರು ಅದನ್ನು ಮೂಸಿ ನೋಡಿ ಸಂತೋಷಪಟ್ಟು, 'ಫಲಿತಾಂಶ: ಬಂದಿದೆ' ಎಂದು ಬರೆದುಕೊಂಡರು. ಇನೆನ್ ರುಹಾಮಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನ್ನ ಒಂದು ಹೊಲದ ಹುಲ್ಲು ಮುಗಿಸಲು ಈ ಅತಿಥಿಗೆ ಏಳು ವರ್ಷ ಬೇಕು.

ಅಷ್ಟರಲ್ಲಿ ಅಭಿಯಾನದ ನಾಲ್ಕನೇ ನಿಯಮ ಜಾರಿಯಾಯಿತು: ಯಂತ್ರ ತಲುಪಿದ ಊರಿನಲ್ಲಿ ಹಳೆಯ ಬೆಂಕಿಗೆ ಮುದ್ರೆ ಹಾಕತಕ್ಕದ್ದು. ಬೆಂಕಿಗೆ ಅಂಟು ನಿಲ್ಲುವುದಿಲ್ಲವಾದ್ದರಿಂದ ಪಾಕ್ ತರ್ಮೀಜಿಯವರು ಒಲೆಯ ಮೂರು ಕಲ್ಲುಗಳನ್ನು ಸುತ್ತಿ ಕಾಗದದ ಪಟ್ಟಿ ಅಂಟಿಸಿ ಮೊಹರು ಒತ್ತಿದರು. ಕೊಟ್ಟಿಗೆಯಲ್ಲಿ ಒಂಬತ್ತು ಮನೆಯ ಹುಲ್ಲು ಕೊಯ್ದು ರಾಶಿ ಬಿದ್ದಿತ್ತು. ಇನ್ನೆರಡು ದಿನ ಬಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಮಾರನೆಯ ಬೆಳಿಗ್ಗೆ ಒಂಬತ್ತು ಮನೆಯವರೂ ಸೇರಿ ಹಂಡೆಯನ್ನು ಎತ್ತಿ, ನಾಲ್ಕು ಹೆಜ್ಜೆ ಆಚೆ, ಬೇರೆ ಮೂರು ಕಲ್ಲಿನ ಮೇಲೆ ಕೂರಿಸಿ ಬೆಂಕಿ ಹಚ್ಚಿದರು. ಮುದ್ರೆಗೆ ಯಾವ ಧಕ್ಕೆಯೂ ಆಗಲಿಲ್ಲ. ಮಳೆಗೆ ನೆನೆಯದಿರಲೆಂದು ಇನೆನ್ ರುಹಾಮಾ ಅದರ ಮೇಲೊಂದು ಬಾಳೆ ಎಲೆ ಕೂಡ ಮುಚ್ಚಿದಳು.

ತಿಂಗಳ ಕೊನೆಗೆ ಪಾಕ್ ತರ್ಮೀಜಿಯವರು ಎರಡು ಕಾಗದ ಹಿಡಿದು ಬಂದರು. ಒಂದರ ಪ್ರಕಾರ ಯಂತ್ರವೊಂದಕ್ಕೆ ತಿಂಗಳಿಗೆ ನಲವತ್ತು ಲೀಟರು ಎಣ್ಣೆಯ ಗುರಿ. ಇನ್ನೊಂದು, ಹೆದ್ದಾರಿಯಲ್ಲಿ ಹೋಗುತ್ತಿದ್ದ ನಿರ್ದೇಶಕರು ಕಾರಿನ ಕಿಟಕಿಯಿಂದ ತೆಗೆದ ಫೋಟೋ. ಅದರಲ್ಲಿ ಪಾಂತನ್ ಉಯೆಮಿನ ನೆತ್ತಿಯ ಮೇಲೆ ಬಿಳಿ ಕಂಬದಂತೆ ಏನೋ ಎದ್ದಿತ್ತು. ಹಂಡೆಯ ಹತ್ತಿರ ಬಂದು ನೋಡಿದರೆ ಅಲ್ಲಿ ಎರಡೂ ಇದ್ದವು: ಕ್ಯಾನುಗಳಲ್ಲಿ ಎಣ್ಣೆ, ಆಕಾಶದಲ್ಲಿ ಹೊಗೆ. ಎಣ್ಣೆ ಅವರಿಗೆ ಬೇಕಿತ್ತು, ಹೊಗೆ ಬೇಡವಾಗಿತ್ತು. ಅವರು ಎರಡೂ ಕಾಗದಗಳನ್ನು ಬಹಳ ಹೊತ್ತು ತಿರುವಿ ನೋಡಿದರು. ಆ ಹೊತ್ತಿನಲ್ಲಿ ಅವರ ಕಣ್ಣಲ್ಲೂ ನೀರು ಬಂತು.

"ಇಬು, ಇದೇನು?"

"ಹೊಗೆ ಪಾಕ್. ಮುದ್ರೆ ಮುಟ್ಟಿಲ್ಲ, ಬೇಕಾದ್ರೆ ನೋಡ್ಕೊಳ್ಳಿ."

"ಮುದ್ರೆ ನೋಡಿದೆ, ಚೆನ್ನಾಗಿ ಇಟ್ಕೊಂಡಿದೀರ. ನಾನು ಕೇಳ್ತಿರೋದು ಬೇರೆ. ನಿಮ್ಮೂರು ಇಷ್ಟು ಎತ್ತರದಲ್ಲಿದೆ. ಎತ್ತರದಲ್ಲಿ ಬೆಳಗ್ಗೆ ಹೊತ್ತು ಏನಿರತ್ತೆ?"

"ಚಳಿ."

"ಚಳಿ ಜೊತೆಗೆ?"

ಇನೆನ್ ರುಹಾಮಾಗೆ ಹೊಳೆಯಲಿಲ್ಲ. ರೆಜೆ ಸಲಿಹಿನ್ ಇಪ್ಪತ್ತು ವರ್ಷ ಊರು ನಡೆಸಿದವನು. ಅವನು ಗಂಟಲು ಸರಿಮಾಡಿಕೊಂಡ.

"ಮಂಜು ಇರತ್ತೆ ಪಾಕ್."

"ನೋಡಿ, ರೆಜೆಗೆ ಗೊತ್ತಿದೆ," ಎಂದು ಪಾಕ್ ತರ್ಮೀಜಿಯವರು ಸ್ವಲ್ಪ ಕೆಮ್ಮಿ, ಪೆನ್ನು ತೆಗೆದರು.

ಮಂಗಳವಾರ ಹೊರಟ ಸುತ್ತೋಲೆ ಹೀಗಿತ್ತು: "ವಿಷಯ: ಪಾಂತನ್ ಉಯೆಮ್ ಗ್ರಾಮದಲ್ಲಿ ಕಂಡುಬರುವ ಬಿಳಿ ವಸ್ತುವಿನ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸ್ಥಳ ಪರಿಶೀಲನೆ ನಡೆಸಲಾಗಿ, ಗ್ರಾಮದ ಮುಖ್ಯಸ್ಥರ ಹೇಳಿಕೆಯನ್ನು ಪಡೆಯಲಾಗಿ, ಸದರಿ ವಸ್ತುವು ಮಂಜು ಎಂದು ತೀರ್ಮಾನಿಸಲಾಗಿದೆ. ಗ್ರಾಮದಲ್ಲಿ ಬೆಂಕಿ ಇರುವುದಿಲ್ಲ. ಹಳೆಯ ಹಂಡೆಯನ್ನು ಯಂತ್ರದ ಉಪಾಂಗವೆಂದು ಭಾವಿಸತಕ್ಕದ್ದು. ಮಂಜನ್ನು ಮಂಜು ಎಂದೇ ಕರೆಯತಕ್ಕದ್ದು. ಬೇರೆ ಹೆಸರಿನಿಂದ ಕರೆದಲ್ಲಿ ಅದನ್ನು ಹವಾಮಾನದ ಬಗ್ಗೆ ಸುಳ್ಳು ಸುದ್ದಿಯೆಂದು ಪರಿಗಣಿಸಲಾಗುವುದು. ಮಂಜಿನ ಆಗಮನ, ನಿರ್ಗಮನ, ಸಾಂದ್ರತೆ ಮತ್ತು ವಾಸನೆಗಳನ್ನು ಪ್ರತಿದಿನ ದಾಖಲಿಸಲು ಸ್ಥಳೀಯರೊಬ್ಬರನ್ನು ಗೌರವ ಮಂಜು ವೀಕ್ಷಕರನ್ನಾಗಿ ನೇಮಿಸತಕ್ಕದ್ದು."

ವೀಕ್ಷಕನಾಗಿ ಅಮನ್ ರುಹಾಮಾ ನೇಮಕಗೊಂಡ. ಮಂಜಿಗೆ ಅವನಷ್ಟು ಹತ್ತಿರ ಇದ್ದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣು ಕಾಣದಿದ್ದರಿಂದ ಅವನು ಹೇಳಿದ್ದನ್ನು ಹೆಂಡತಿ ಬರೆಯುವುದು, ಕೆಳಗೆ ಅವನು ಸಹಿ ಹಾಕುವುದು ಎಂದಾಯಿತು. ದಾಖಲೆಯ ಪ್ರಕಾರ ಪಾಂತನ್ ಉಯೆಮಿನಲ್ಲಿ ಮಂಜು ಬೆಳಿಗ್ಗೆ ಏಳೂವರೆಗೆ, ಅಮನ್ ರುಹಾಮಾನ ತಿಂಡಿಯಾದ ಮೇಲೆ ಬರುತ್ತದೆ, ಹನ್ನೆರಡಕ್ಕೆ ಹೋಗುತ್ತದೆ. ಶುಕ್ರವಾರ ನಮಾಜಿಗೆಂದು ಒಂದು ಗಂಟೆ ಮುಂಚೆ ಹೋಗುತ್ತದೆ. ಯಾರದಾದರೂ ಮದುವೆಯಿದ್ದರೆ ಬರುವುದೇ ಇಲ್ಲ. ವಾಸನೆಯ ಅಂಕಣದಲ್ಲಿ ಸದಾ 'ಗಂಜಣಿ' ಎಂದಿರುತ್ತದೆ. ಈ ದಾಖಲೆ ತಿಂಗಳಿಗೊಮ್ಮೆ ಪ್ರಾಂತದ ರಾಜಧಾನಿಗೆ ಹೋಗಿ, ಯಾವ ಪ್ರಶ್ನೆಯೂ ಇಲ್ಲದೆ ಅಂಗೀಕಾರವಾಗಿ ಬರುತ್ತಿತ್ತು.

ಊರಿನವರಿಗೂ ಬೇಗ ರೂಢಿಯಾಯಿತು. ಕಾಫಿ ಅಂಗಡಿಯಲ್ಲಿ ಬಾಯಿತಪ್ಪಿ 'ಹೊಗೆ' ಎಂದವರು ಅಲ್ಲಿದ್ದವರಿಗೆಲ್ಲ ಗುತೆಲ್ ಕೊಡಿಸಬೇಕು ಎಂದು ತಮಾಷೆಗೆ ಶುರುವಾದದ್ದು, ಹದಿನೈದು ದಿನದಲ್ಲಿ ಯಾರೂ ತಪ್ಪದೇ ಇದ್ದುದರಿಂದ ನಿಂತೇಹೋಯಿತು. ನಲವತ್ತು ಲೀಟರು ಎಣ್ಣೆ ಯಂತ್ರದ ಹೆಸರಿನಲ್ಲಿ ತಿಂಗಳು ತಿಂಗಳೂ ದಾಖಲಾಗುತ್ತಿತ್ತು. ಅದರಲ್ಲಿ ಹನ್ನೊಂದು ಲೀಟರನ್ನು ಕಚೇರಿಯ ಹಲವು ಮೇಜುಗಳವರು ಗುಣಮಟ್ಟ ಪರೀಕ್ಷೆಗೆಂದು ಬಾಟಲಿಗಳಲ್ಲಿ ಮನೆಗೆ ಒಯ್ಯುತ್ತಿದ್ದರು. ಪರೀಕ್ಷೆ ಇನ್ನೂ ಮುಂದುವರಿದಿದೆ.

ಮಂಜಿನ ಗಲಾಟೆಯಲ್ಲಿ ಎಲ್ಲರೂ ಮರೆತದ್ದು ಅಮನ್ ರುಹಾಮಾನ ಕಣ್ಣನ್ನು. ಇನೆನ್ ರುಹಾಮಾ ಮರೆತಿರಲಿಲ್ಲ. ಒಂದು ಬೆಳಿಗ್ಗೆ ಅವನು ಕಾಫಿ ಲೋಟವೆಂದು ಕೈ ಚಾಚಿ ದೀಪದ ಬುಡ್ಡಿ ಎತ್ತಿಕೊಂಡದ್ದನ್ನು ನೋಡಿ, ಅವಳು ಅದೇ ದಿನ ಪಿಕಪ್ ಗಾಡಿ ಹತ್ತಿ ಮತ್ತೆ ನಾಲ್ಕನೇ ಶಾಖೆಗೆ ಹೋದಳು. ಇನ್ನೂರ ನಲವತ್ತು ಇಟ್ಟಿಗೆ, ಒಂದು ಬಾಗಿಲು, ಆರು ಮೀಟರು ಕೊಳವೆ. ಪಾಕ್ ತರ್ಮೀಜಿಯವರು ಕಾಫಿ ತರಿಸಿ, ಕಡತ ತೆರೆದು, ಬೇಸರದಿಂದ ತಲೆಯಾಡಿಸಿದರು.

"ಒಲೆ ಯಾಕೆ ಇಬು? ನಿಮ್ಮೂರಲ್ಲಿ ಬೆಂಕಿನೇ ಇಲ್ಲವಲ್ಲ."

"ಪಾಕ್, ನಮ್ಮವರ ಕಣ್ಣು ಹೋಗ್ತಿದೆ. ಬೆಂಕಿ ಇದೆ ಅಂತ ನಿಮಗೂ ಗೊತ್ತು."

"ನನಗೆ ಗೊತ್ತಿರೋದು ಕಡತದಲ್ಲಿ ಇರೋದು. ಇಲ್ನೋಡಿ, ಎಪ್ಪತ್ತೊಂದು ದಿನ ಮಂಜು. ಕೆಳಗೆ ಸಹಿ ಯಾರದು?"

ಸಹಿ ಅವಳ ಗಂಡನದು. ಬರವಣಿಗೆ ಅವಳದೇ. ಅವಳು ಎದ್ದು, ಅಲ್ಲಿಂದ ಆರೋಗ್ಯ ಕೇಂದ್ರಕ್ಕೆ ಹೋದಳು. ದಾದಿಯಿಂದ ಒಂದು ಚೀಟಿ ಬರೆಸಿಕೊಂಡು ಹೋದರೆ ಕಚೇರಿ ಕೇಳೀತು ಎಂಬ ಆಸೆ. ದಾದಿ ಒಳ್ಳೆಯ ಹುಡುಗಿ, ಚೀಟಿ ಬರೆದೂ ಕೊಟ್ಟಳು. ಆದರೆ ಸುತ್ತೋಲೆಯ ಪ್ರತಿ ಅವಳ ಗೋಡೆಯ ಮೇಲೂ ಅಂಟಿತ್ತು. 'ರೋಗದ ಕಾರಣ: ಮಂಜಿಗೆ ಮೈಯೊಡ್ಡಿದ್ದು. ಚಿಕಿತ್ಸೆ: ಉಣ್ಣೆಯ ಟೋಪಿ.' ಟೋಪಿಯನ್ನೂ ಕೇಂದ್ರದವರೇ ಪುಕ್ಕಟೆ ಕೊಟ್ಟರು.

ಮನೆಗೆ ಬಂದು ಇನೆನ್ ರುಹಾಮಾ ಹಂಡೆಯ ಹಿಂದೆ ಕೂತು ಅತ್ತಳು. ಸಿಟ್ಟು ಅವಳಿಗೆ ಯಾರ ಮೇಲೆ ಬಂದಿದೆ ಎಂದು ಅವಳಿಗೇ ತಿಳಿಯಲಿಲ್ಲ. ಎದುರಿಗೆ ಟೋಪಿ ಹಾಕಿಕೊಂಡ ಗಂಡ ಸೌದೆ ಒಟ್ಟುತ್ತಿದ್ದ, ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಸೇರುತ್ತಿತ್ತು. ಅವನು ಅವಳ ಬಿಕ್ಕಳಿಕೆ ಕೇಳಿ, ಮಂಜು ಜಾಸ್ತಿಯಾಯಿತೇ, ಆಚೆ ಹೋಗಿ ಕೂತುಕೋ ಎಂದ. ಆ ಮಾತು ಕೇಳಿದ್ದೇ ಅವಳ ಅಳು ನಿಂತಿತು. ಒಳಗೆ ಹೋಗಿ ಹೊಸ ಹಾಳೆ ತೆಗೆದಳು.

ಎರಡನೆಯ ಅರ್ಜಿಯ ವಿಷಯ 'ಗ್ರಾಮದ ಮಂಜಿನ ಸಂರಕ್ಷಣೆ ಮತ್ತು ಶಿಸ್ತುಬದ್ಧ ವಿಲೇವಾರಿ'. ಪಾಂತನ್ ಉಯೆಮಿನ ಮಂಜು ಸದ್ಯ ಬಯಲಲ್ಲಿ ಅಡ್ಡಾದಿಡ್ಡಿ ಓಡಾಡುತ್ತಿದ್ದು, ಅದಕ್ಕೆ ತಕ್ಕ ವಸತಿ ಇಲ್ಲವೆಂದು ಅವಳು ವಿನಯಪೂರ್ವಕವಾಗಿ ತಿಳಿಸಿದ್ದಳು. ಆದ್ದರಿಂದ ಮಂಜಿನ ಗೂಡು ಕಟ್ಟಲು ಇಟ್ಟಿಗೆ ಇನ್ನೂರ ನಲವತ್ತು. ಮಂಜು ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಬರದಂತೆ ಕಬ್ಬಿಣದ ಬಾಗಿಲು ಒಂದು. ಮಂಜನ್ನು ಅದರ ಸಹಜ ಎತ್ತರಕ್ಕೆ ಮುಟ್ಟಿಸಲು ಆರು ಮೀಟರು ಕೊಳವೆ. ಒಂಬತ್ತನೆಯ ದಿನ ಮಂಜೂರಾತಿ ಬಂತು. ಹವಾಮಾನದ ಬಾಬಿನಲ್ಲಿ ಇಡೀ ವರ್ಷ ಯಾರೂ ಏನೂ ಕೇಳಿರಲಿಲ್ಲವಂತೆ. ಪಾಕ್ ತರ್ಮೀಜಿಯವರು ತಾವೇ ಫೋನು ಮಾಡಿ, ಇಂಥ ಮುಂದಾಲೋಚನೆಯ ಅರ್ಜಿ ತಮ್ಮ ಸೇವಾವಧಿಯಲ್ಲೇ ನೋಡಿಲ್ಲ ಎಂದು ಹೊಗಳಿದರು.

ಗಾರೆ ಕೆಲಸದ ತಮ್ಮ ಬಂದು ನಾಲ್ಕು ದಿನದಲ್ಲಿ ಒಲೆ, ಅಂದರೆ ಗೂಡು, ಕಟ್ಟಿದ. ಒಣಗಿದ ಹುಲ್ಲು ಒಳಗೆ ತುರುಕಿ ಬಾಗಿಲು ಹಾಕಿದರೆ ಹಂಡೆ ಮೊದಲಿಗಿಂತ ಬೇಗ ಕುದಿಯಿತು. ಕೊಳವೆಯ ತುದಿಯಲ್ಲಿ ನೂಲಿನ ಎಳೆಯಷ್ಟು ಬೂದು ಬಣ್ಣ ಕಂಡು ಮಾಯವಾಗುತ್ತಿತ್ತು, ಅಷ್ಟೇ. ಒಂದೂವರೆ ತಿಂಗಳು ಯಾರೂ ಬೆಟ್ಟದಿಂದ ಒಂದು ಕೊಂಬೆ ಇಳಿಸಲಿಲ್ಲ. ಅಮನ್ ರುಹಾಮಾನ ಕಣ್ಣಿನ ಕೆಂಪು ಇಳಿದು, ನೀರು ನಿಂತು, ಒಂದು ಬೆಳಿಗ್ಗೆ ಕಾಫಿ ಲೋಟವನ್ನು ತಡವರಿಸದೆ ಎತ್ತಿಕೊಂಡು ಅವನು ಹೆಂಡತಿಯ ಮುಖವನ್ನೇ ನೋಡಿದ.

"ನಿನ್ನ ಕೂದ್ಲು ಯಾವಾಗ ಬೆಳ್ಳಗಾಯ್ತೇ?"

"ನೀವು ನೋಡ್ದೆ ಇದ್ದಾಗ," ಎಂದಳು ಅವಳು. ಆ ದಿನ ಹುಲ್ಲು ತುಳಿಯುವಾಗ ಅವಳು ಹಾಡಿಕೊಂಡಳು ಎಂದು ಅಕ್ಕಪಕ್ಕದವರು ಹೇಳುತ್ತಾರೆ.

ಈ ನೆಮ್ಮದಿಯ ಮೇಲೆ ಕಲ್ಲು ಹಾಕಿದ್ದು ಮಂಜಿನ ದಾಖಲೆ. ಅಮನ್ ರುಹಾಮಾ ಈಗ ತಾನೇ ಬರೆಯುತ್ತಿದ್ದ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದ. ಸಾಂದ್ರತೆ: ಇಲ್ಲ. ಸಾಂದ್ರತೆ: ಇಲ್ಲ. ಇದೇ ಸಮಯಕ್ಕೆ, ಹಳೆಯ ದಾಖಲೆಗಳನ್ನು ನೋಡಿ ಬೆರಗಾದ ಪ್ರಾಂತದವರು ಪಾಂತನ್ ಉಯೆಮನ್ನು 'ಮಾದರಿ ಮಂಜಿನ ಗ್ರಾಮ' ಎಂದು ಘೋಷಿಸಿದ್ದರು. ಮಂಜು ನೋಡಲು ಬರುವವರಿಗೆ ಮರದ ಅಟ್ಟಣೆ ಎದ್ದಿತ್ತು. ಅಟ್ಟಣೆ ಹತ್ತಲು ಚೀಟಿ ಹರಿಯುವ ಹಕ್ಕು ರೆಜೆ ಸಲಿಹಿನ್‌ಗೆ, ಅದರ ಕೆಳಗೆ ಕಾಫಿ ಮಾರುವ ಹಕ್ಕು ಅವನ ಸೊಸೆಗೆ ಸಿಕ್ಕಿತ್ತು. ಬಂದವರು ಅಟ್ಟಣೆ ಹತ್ತಿ, ಸ್ವಚ್ಛವಾದ ಕಣಿವೆಯನ್ನು ನೋಡಿ, ದುಡ್ಡು ವಾಪಸು ಕೇಳತೊಡಗಿದರು.

ಕಚೇರಿಯ ನೋಟಿಸು ಬಂತು. ಗ್ರಾಮದ ಮಂಜು ಶೇಕಡಾ ತೊಂಬತ್ತರಷ್ಟು ಕುಸಿದಿರುವುದು ಗಮನಕ್ಕೆ ಬಂದಿದ್ದು, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಇಲ್ಲವಾದಲ್ಲಿ ಮಂಜಿನ ಸಂರಕ್ಷಣೆಗೆಂದು ನೀಡಿದ ಇಟ್ಟಿಗೆ, ಬಾಗಿಲು ಮತ್ತು ಕೊಳವೆಗಳನ್ನು ಕಿತ್ತು ವಾಪಸು ಪಡೆಯಲಾಗುವುದು. ರೆಜೆ ನೋಟಿಸನ್ನು ಎರಡು ಸಲ ಗಟ್ಟಿಯಾಗಿ ಓದಿ, ಊರಿನ ಮಾನದ ಪ್ರಶ್ನೆ ಇದು ಎಂದ. ಇನೆನ್ ರುಹಾಮಾಗೆ ಕೇಳಿಸಿದ್ದು 'ಕಿತ್ತು' ಎಂಬ ಒಂದೇ ಮಾತು.

ಪರಿಶೀಲನೆಗೆ ಬಂದ ಪಾಕ್ ತರ್ಮೀಜಿಯವರು ಗೂಡಿನ ಸುತ್ತ ಎರಡು ಸುತ್ತು ಹಾಕಿದರು. ಒಳಗೆ ಹುಲ್ಲು ಉರಿಯುವುದನ್ನು ಬಾಗಿಲ ಸಂದಿಯಿಂದ ನೋಡಿ, ಇಷ್ಟು ಒಳ್ಳೆಯ ಒಲೆಯನ್ನು ತಾವು ಎಲ್ಲೂ ಕಂಡಿಲ್ಲ ಎಂದು ಮೆಲ್ಲಗೆ, ಕಡತ ಮುಚ್ಚಿಟ್ಟು ಹೇಳಿದರು. ಆಮೇಲೆ ಕಡತ ತೆರೆದರು.

"ಇಬು, ಗೂಡು ಇಟ್ಕೊಳ್ಳಿ. ನನಗೆ ಮಂಜು ಬೇಕು. ಸೋಮವಾರ, ಗುರುವಾರ. ಅಟ್ಟಣೆಗೆ ಕಾಣೋ ಹಾಗೆ."

"ಹಂಡೆಗೆ ಬೇಡದ ಹೊ..." ಎಂದವಳು ತಡೆದಳು. "ಹಂಡೆಗೆ ಬೇಡದ ಮಂಜು ಎಲ್ಲಿಂದ ತರ್ಲಿ ಪಾಕ್?"

"ಕಚ್ಚಾ ಸಾಮಗ್ರಿ ನಾವೇ ಕೊಡ್ತೀವಿ."

ಕಚ್ಚಾ ಸಾಮಗ್ರಿ ಮುಂದಿನ ವಾರವೇ ಲಾರಿಯಲ್ಲಿ ಬಂತು. ಆಗಷ್ಟೇ ಕಡಿದ ಪೈನ್, ಹಸಿಹಸಿಯಾಗಿ, ತಿಂಗಳಿಗೆ ಮೂವತ್ತು ಹೊರೆ. ಮೊದಲು ಹಂಡೆಗೆ ಬೇಕಾಗುತ್ತಿದ್ದದ್ದೂ ಸರಿಯಾಗಿ ಮೂವತ್ತು ಹೊರೆಯೇ. ಹೀಗಾಗಿ ಅಭಿಯಾನದಿಂದ ಕಾಡಿಗೆ ಹೊಸದಾಗಿ ಯಾವ ಹಾನಿಯೂ ಆಗಿಲ್ಲವೆಂದು ವರ್ಷಾಂತ್ಯದ ವರದಿಯಲ್ಲಿ ತೃಪ್ತಿ ವ್ಯಕ್ತಪಡಿಸಲಾಯಿತು. ಸೌದೆಯ ಹೊರೆಗಳ ಮೇಲೆ 'ಹೊಗೆರಹಿತ ಸುಗಂಧ ಅಭಿಯಾನ' ಎಂಬ ಚೀಟಿ ಅಂಟಿಸಿತ್ತು.

ಹಸಿ ಸೌದೆ ಹೊತ್ತಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಅದರ ಪಕ್ಕದಲ್ಲೇ ಕೂತು ಊದುತ್ತಿರಬೇಕು. ಉರಿ ಎದ್ದರೆ ಮಂಜು ಕೆಡುತ್ತದೆ, ಉರಿ ಸತ್ತರೆ ಮಂಜು ನಿಲ್ಲುತ್ತದೆ. ಗಂಡ ತಾನು ಕೂರುತ್ತೇನೆಂದು ಎದ್ದಾಗ ಇನೆನ್ ರುಹಾಮಾ ಅವನ ತೋಳು ಹಿಡಿದು ಗೂಡಿನ ಮುಂದೆ ಕೂರಿಸಿ, ತಾನು ಊದುವ ಕೊಳವೆ ಹಿಡಿದು ಅಟ್ಟಣೆಯ ಕೆಳಗಿನ ಇಳಿಜಾರಿನಲ್ಲಿ ಒಟ್ಟಿದ್ದ ಹಸಿ ಸೌದೆಯ ಹತ್ತಿರ ಹೋದಳು. ಮೊದಲ ಸೋಮವಾರ ನಿರ್ದೇಶಕರೇ ಬಂದರು. ಅಟ್ಟಣೆಯ ಮೇಲೆ ನಿಂತು, ಮೂಗು ತುಂಬ ಉಸಿರೆಳೆದು, ಕೆಮ್ಮಿ, ಕಣ್ಣೊರೆಸಿಕೊಂಡು, ನಗರದಲ್ಲಿ ಇಂಥ ಶುದ್ಧ ಗಾಳಿ ಎಲ್ಲಿ ಸಿಗಬೇಕು ಎಂದರು. ಸುತ್ತ ಇದ್ದವರೆಲ್ಲ ಕೆಮ್ಮುತ್ತಲೇ ಒಪ್ಪಿದರು. ರೆಜೆ ಅವರಿಗೆ ಹೊಸ ಉಲೆನ್-ಉಲೆನ್ ಹೊದಿಸಿದ.

ಹೀಗೆ ಒಂದು ಮಳೆಗಾಲ ಹೋಯಿತು. ಅಮನ್ ರುಹಾಮಾ ಈಗ ಎದುರು ಬೆಟ್ಟದ ಮೇಲಿನ ಎಮ್ಮೆಗಳನ್ನು ಇಲ್ಲಿಂದಲೇ ಎಣಿಸುತ್ತಾನೆ. ಹಂಡೆ ದಿನಾ ಕುದಿಯುತ್ತದೆ, ಎಣ್ಣೆ ಯಂತ್ರದ ಹೆಸರಿಗೆ ಜಮೆಯಾಗುತ್ತದೆ, ಯಂತ್ರ ರೆಜೆಯ ಹಜಾರದಲ್ಲಿ ಶಾಲು ಹೊದ್ದು ಕೂತಿದೆ. ಮೊನ್ನೆ ಗುರುವಾರ ಮಧ್ಯಾಹ್ನ ಅಮನ್ ರುಹಾಮಾ ದಾಖಲೆ ಪುಸ್ತಕ ಹಿಡಿದು ಇಳಿಜಾರಿಗೆ ಹೋದಾಗ ಇನೆನ್ ರುಹಾಮಾ ಊದುವ ಕೊಳವೆ ಕೆಳಗಿಟ್ಟು, ಸದ್ದು ಬಂದ ಕಡೆ ಮುಖ ತಿರುಗಿಸಿ, ಯಾರು ಎಂದಳು.

"ನಾನೇ ಕಣೇ. ನಿನ್ನ ಕಣ್ಣು ಯಾಕೆ ಹಿಂಗೆ ಕೆಂಪಗಾಗಿದೆ?"

"ಮಂಜು," ಎಂದಳು ಅವಳು.

ಅವನು ಅವಳ ಪಕ್ಕ ಕೂತು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಮೇಲೆ ಅಟ್ಟಣೆಯಲ್ಲಿ ಯಾರೋ ಫೋಟೋ ತೆಗೆಯುತ್ತಿದ್ದರು. ಆಮೇಲೆ ಅವನು ಪುಸ್ತಕ ಬಿಚ್ಚಿ, ಸಾಂದ್ರತೆಯ ಅಂಕಣದಲ್ಲಿ 'ಉತ್ತಮ' ಎಂದು ಬರೆದು ಸಹಿ ಹಾಕಿದ.